ಎಕ್ಕದ ಗಿಡಕ್ಕೊಂದು ಮೂಲೆ

ಕೋಲ್ಕತ್ತಾದಲ್ಲಿ ರೈಲು ಹಳಿಯ ಬದಿ, ಕಾಲುವೆಯ ದಂಡೆ, ಹಳೇ ಮನೆಗಳ ಬಿರುಕುಬಿಟ್ಟ ಗೋಡೆ, ಎಲ್ಲೆಂದರಲ್ಲಿ ಎಕ್ಕ ಬೆಳೆಯುತ್ತದೆ. ಅಲ್ಲಿನವರ ಬಾಯಲ್ಲಿ ಅದು ಆಕಂದೊ. ಶಿವನ ಗುಡಿಗಳ ಎದುರು ಅದರ ಹೂಮಾಲೆ ಮಾರುತ್ತಾರೆ. ಆ ಊರಲ್ಲಿ ನೆಲೆಸಿರುವ ನಮ್ಮವರಿಗೂ ರಥಸಪ್ತಮಿಯ ಸ್ನಾನಕ್ಕೆ ಏಳು ಎಕ್ಕದೆಲೆ ಹೊಂದಿಸುವುದು ಕಷ್ಟವಾಗದು. ಆದರೆ ಹಬ್ಬ ಕಳೆದದ್ದೇ ಅದು ಬರೀ ಕಳೆ, ಹಾಲೆಲ್ಲ ವಿಷ, ಕಿತ್ತು ಹಾಕಿ ಎನ್ನುತ್ತೇವೆ.

ಕೀಳುವ ಮೊದಲು ಎಲೆಯನ್ನೊಮ್ಮೆ ಮಗುಚಿ ನೋಡಬೇಕು. ಕೇಸರಿ ರೆಕ್ಕೆಗೆ ಕಪ್ಪು ಅಂಚಿನ ಪ್ಲೇನ್ ಟೈಗರ್ ಚಿಟ್ಟೆ ಅಲ್ಲಿ ಒಂಟಿ ಮೊಟ್ಟೆಯಿಟ್ಟಿರುತ್ತದೆ. ಹೊರಬರುವ ಹುಳುವಿಗೆ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕರಿಯ ಎಳೆಗಳು. ಅದರ ಊಟದ ಕ್ರಮ ನನಗೆ ಬಹಳ ಇಷ್ಟ. ಮೊದಲು ಎಲೆಯ ನರ ಕಡಿದು ಅಂಟುಹಾಲಿನ ಹರಿವನ್ನು ತಡೆಯುತ್ತದೆ, ಆಮೇಲೆ ತಿನ್ನುತ್ತದೆ. ಎಲೆಯ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಚಿಟ್ಟೆಯಾದ ಮೇಲೂ ಹಕ್ಕಿಗಳಿಗೆ ರುಚಿಸದು. ಈ ಅಭಯ ಎಷ್ಟು ಗಟ್ಟಿಯೆಂದರೆ, ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಜಾತಿಯ ಹೆಣ್ಣು ಇದರದೇ ಬಣ್ಣ ತೊಟ್ಟು ಬದುಕುತ್ತದೆ. 1880ರ ದಶಕದಲ್ಲಿ ಇದೇ ಕಲ್ಕತ್ತೆಯಲ್ಲಿ ಲಯನೆಲ್ ಡಿ ನಿಸೆವಿಲ್ ಎಂಬವರು ಚಿಟ್ಟೆಗಳನ್ನು ಮೊಟ್ಟೆಯಿಂದಲೇ ಸಾಕಿದರು. ಬೇರೆ ಬೇರೆ ಜಾತಿ ಎಂದುಕೊಂಡಿದ್ದ ಕೆಲವು ಒಂದೇ ಚಿಟ್ಟೆಯ ಮಳೆಗಾಲದ ಮತ್ತು ಒಣಗಾಲದ ರೂಪಗಳೆಂದು ತೋರಿಸಿದರು. ಎಲೆಯ ಬಳಿ ತಾಳ್ಮೆಯಿಂದ ಕೂತವರಿಗಷ್ಟೇ ಸಿಗುವ ವಿದ್ಯೆ ಅದು.

ಜಗತ್ಪ್ರಸಿದ್ಧ ಮೊನಾರ್ಕ್ ಇದರ ದಾಯಾದಿ, ಇಬ್ಬರದೂ ಡನಾಸ್ ಕುಲ. ಶರತ್ಕಾಲದಲ್ಲಿ ಮೊನಾರ್ಕ್‌ಗಳು ಕೆನಡಾದ ಗಡಿಯಿಂದ ಮೆಕ್ಸಿಕೋದ ಬೆಟ್ಟಕಾಡಿಗೆ 4000 ಕಿ.ಮೀ.ವರೆಗೂ ಹಾರುತ್ತವೆ. ಆ ಕಾಡಿನ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿದ್ದು 1975ರಲ್ಲಿ. ವಸಂತದಲ್ಲಿ ಹೊರಟವು ದಾರಿಯಲ್ಲೇ ಮೊಟ್ಟೆಯಿಟ್ಟು ತೀರುತ್ತವೆ. ಉತ್ತರದ ತುದಿ ಮುಟ್ಟುವುದು ಮಕ್ಕಳು, ಮೊಮ್ಮಕ್ಕಳು. ನಮ್ಮಲ್ಲೂ ಮುಂಗಾರಿಗೆ ಮುಂಚೆ ಬ್ಲೂ ಟೈಗರ್‌, ಕ್ರೋ ಚಿಟ್ಟೆಗಳು ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಹಿಂಡುಹಿಂಡಾಗಿ ಹೊರಡುತ್ತವೆ. ಇಂಥ ದೀರ್ಘಯಾತ್ರೆಯೆಲ್ಲ ನಿಂತಿರುವುದು ದಾರಿಯುದ್ದಕ್ಕೂ ಮರಿಗಳಿಗೆ ಸಿಗುವ ಒಂದೊಂದು ಎಲೆಯ ಮೇಲೆ. ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ಸಿಂಪಡಿಸಿ ಎಕ್ಕದ ಬಳಗದ ಮಿಲ್ಕ್‌ವೀಡ್ ಅಳಿದದ್ದು ಮೊನಾರ್ಕ್ ಕ್ಷೀಣಿಸಲು ಒಂದು ಮುಖ್ಯ ಕಾರಣ.

ಚಿಟ್ಟೆ ಬರಲೆಂದು ನಾವು ಕುಂಡದಲ್ಲಿ ಹೂಗಿಡ ಇಡುತ್ತೇವೆ. ಒಳ್ಳೆಯದೇ. ಆದರೆ ಅದು ಬಂದ ಅತಿಥಿಗೆ ಪಾಯಸ ಬಡಿಸಿ, ಕಂಕುಳಲ್ಲಿನ ಕೂಸಿಗೆ ಏನೂ ಇಲ್ಲವೆಂದಂತೆ. ಹುಳುವಿಗೆ ಬೇಕಾದದ್ದು ನಾವು ಅಂದಗೇಡೆಂದು ಕಡಿಯುವ ಗಿಡ. ಅದನ್ನು ನೆಟ್ಟು ನೀರೆರೆಯುವ ಶ್ರಮವೂ ಬೇಡ, ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಎದ್ದದ್ದನ್ನು ಹಾಗೇ ಬಿಟ್ಟರಾಯಿತು. ದಾರಿಗೆ ಅಡ್ಡವಾಗಿದ್ದರೆ ಅರ್ಧ ಸವರಿ, ಅರ್ಧ ಉಳಿಸಿ. ತೋಟದ ಕೆಲಸಕ್ಕೆ ಬರುವವರಿಗೂ ಒಂದು ಮಾತು ಹೇಳಿಡಿ. ಆದರೆ ಎಚ್ಚರ, ಎಕ್ಕದ ಹಾಲು ಕಣ್ಣಿಗೆ ಕೆಡುಕು. ಎಲೆ ಮುಟ್ಟಿದ ಮಕ್ಕಳಿಗೆ ಮೊದಲು ಕೈ ತೊಳೆಸಿ, ನಾಳೆ ಮತ್ತೆ ಹುಳು ನೋಡಲು ಕರೆದೊಯ್ಯಿರಿ.