ಚಿತ್ತಚಾಂಚಲ್ಯವೂ ಔಷಧವೂ

ಕಳೆದ ಚೈತ್ರಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಬ್ಯಾಕೋಡಿನ ನಮ್ಮ ಮನೆಗೆ ಬಂದಿದ್ದನು. ಕುಶಲಪ್ರಶ್ನೆಗಳಾದ ಮೇಲೆ ಸ್ವಲ್ಪ ಸಂಕೋಚದಿಂದ, "ಮೇಷ್ಟ್ರೇ, ನನ್ನ ಮಗನಿಗೆ ಒಂದು ಕಡೆ ಮನಸ್ಸು ನಿಲ್ಲುವುದಿಲ್ಲ. ಶಿವಮೊಗ್ಗದ ವೈದ್ಯರು ನೋಡಿ, ಎ.ಡಿ.ಎಚ್.ಡಿ. ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆಯಿಂದ ಬಂದ ಏಕಾಗ್ರತೆ ಹುಡುಗನದೋ, ಮಾತ್ರೆಯದೋ?" ಎಂದು ಕೇಳಿದನು. ಅಂದು ನಾನು ಕೊಟ್ಟ ಉತ್ತರವು ನನಗೇ ಸಮಾಧಾನವನ್ನುಂಟುಮಾಡಲಿಲ್ಲ. ಆದಕಾರಣ ವೈದ್ಯಮಿತ್ರರೊಬ್ಬರಿಂದ ಕೇಳಿ ತಿಳಿದು, ಓದಿದ ಗ್ರಂಥಗಳನ್ನು ಮತ್ತೊಮ್ಮೆ ಮಗುಚಿ ನೋಡಿ, ವಾಚಕ ಮಹಾಶಯರ ಮುಂದೆ ಈ ನಾಲ್ಕು ಮಾತುಗಳನ್ನಿಡುತ್ತಿರುವೆನು.

ಮನಸ್ಸಿನ ಚಾಂಚಲ್ಯವು ಹೊಸ ವಿಷಯವಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಇದನ್ನೇ ದೂರಿದನು. ಭಗವಂತನು ಅಭ್ಯಾಸ ವೈರಾಗ್ಯಗಳನ್ನು ಉಪಾಯವಾಗಿ ಹೇಳಿದನು. ನಾವು ಉಪಾಧ್ಯಾಯರು ಅಭ್ಯಾಸವೆಂಬುದಕ್ಕೆ ಬೆತ್ತವೆಂದು ಅರ್ಥಮಾಡಿದೆವು. ನಮ್ಮನ್ನು ಮಾತ್ರ ಹಳಿಯಬೇಕಾದುದಿಲ್ಲ. 1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯನು ಇಂತಹ ಮಕ್ಕಳನ್ನು ಕುರಿತು ಉಪನ್ಯಾಸಮಾಡಿದಾಗ, ನೈತಿಕ ನಿಗ್ರಹದ ದೋಷವೆಂದೇ ಇದನ್ನು ಕರೆದನು. ಇಂದಿನ ವೈದ್ಯರಾದರೋ ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದೆಂದೂ ಬಹುಮಟ್ಟಿಗೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವುದೆಂದೂ ಹೇಳುತ್ತಾರೆ.

ಇದಕ್ಕೆ ಕೊಡುವ ಔಷಧಗಳಲ್ಲಿ ಉತ್ತೇಜಕ, ಅನುತ್ತೇಜಕ ಎಂದು ಎರಡು ಬಗೆ. ಮೀಥೈಲ್‌ಫೆನಿಡೇಟ್ ಮೊದಲಾದ ಉತ್ತೇಜಕಗಳು ಒಂದು ಗಂಟೆಯೊಳಗೇ ಕೆಲಸಮಾಡತೊಡಗುವುವು. ಅನುತ್ತೇಜಕಗಳ ದಾರಿಯೇ ಬೇರೆ. ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತಿಸೂಕ್ಷ್ಮವಾದ ಎಡೆಯಿರುವುದು. 2025ರ ಜುಲೈಯಲ್ಲಿ ಸೇತುವೆಯು ತೆರೆಯುವವರೆಗೆ ನಾವು ಲಾಂಚಿನಲ್ಲಿ ದಾಟುತ್ತಿದ್ದ ಶರಾವತಿಯ ಹಿನ್ನೀರಿನಂತೆ ಎಂದುಕೊಳ್ಳಬಹುದು. ನಾರ್‌ಎಪಿನೆಫ್ರಿನ್ ಎಂಬ ರಸವು ಈ ದಡದಿಂದ ಹೊರಟು ಆ ದಡಕ್ಕೆ ಸುದ್ದಿಯನ್ನು ಮುಟ್ಟಿಸುವುದು; ಒಡನೆಯೇ ಅದನ್ನು ಹೊರಟ ದಡಕ್ಕೆ ಮರಳಿ ಎಳೆದುಕೊಳ್ಳುವ ಏರ್ಪಾಡೂ ಅಲ್ಲಿರುವುದು. ಆಟೊಮಾಕ್ಸೆಟಿನ್ ಎಂಬ ಔಷಧವು ಈ ಮರಳಿ ಒಯ್ಯುವ ದೋಣಿಯನ್ನು ತಡೆಯುವುದರಿಂದ, ದೂತನು ನಡುನೀರಿನಲ್ಲಿ ಹೆಚ್ಚುಹೊತ್ತು ಉಳಿದು ಸುದ್ದಿಯನ್ನು ಚೆನ್ನಾಗಿ ಮುಟ್ಟಿಸುವನು. ವಿವೇಚನೆ ಸಂಯಮಗಳಿಗೆ ಆಸರೆಯಾದ ಮಿದುಳಿನ ಮುಂಭಾಗದಲ್ಲಿ ಡೋಪಮಿನ್ ಎಂಬ ಇನ್ನೊಂದು ರಸವೂ ಬಹುವಾಗಿ ಇದೇ ದೋಣಿಯಲ್ಲಿ ಮರಳುವುದರಿಂದ ಅದೂ ಅಲ್ಲಿ ಹೆಚ್ಚುವುದು. ಸುಖದ ಆಸೆಯನ್ನು ಕೆರಳಿಸುವ ಒಳಭಾಗದಲ್ಲಿ ಹಾಗೆ ಹೆಚ್ಚದು. ಆದುದರಿಂದ ಈ ಮಾತ್ರೆಗೆ ಅಮಲಿಲ್ಲ, ಚಟವಾಗುವ ಭಯವೂ ಇಲ್ಲ. ಅಮೆರಿಕದಲ್ಲಿ 2002ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಪೂರ್ಣಫಲಕ್ಕೆ ಹಲವು ವಾರಗಳು ಕಾಯಬೇಕು.

ಕ್ಲೊನಿಡಿನ್, ಗ್ವಾನ್‌ಫಾಸಿನ್ ಎಂಬಿವು ಮೊದಲು ರಕ್ತದ ಒತ್ತಡವನ್ನು ಇಳಿಸಲು ಬಂದವು. ಇವು ದೋಣಿಯನ್ನು ತಡೆಯುವುದಿಲ್ಲ. ತಾವೇ ಆ ದಡದ ಬಾಗಿಲನ್ನು ತಟ್ಟುವುವು. ಗದ್ದೆಯಂಚಿನಲ್ಲಿ ಏಡಿ ಕೊರೆದ ಬಿಲವನ್ನು ಮುಚ್ಚಿದರೆ ನೀರು ನಿಲ್ಲುವಂತೆ, ನರಕೋಶದಿಂದ ಸಂಕೇತವು ಸೋರಿಹೋಗುವ ಕಂಡಿಗಳು ಇದರಿಂದ ಮುಚ್ಚುವುವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ದೋಷಗಳಿಲ್ಲವೆಂದಲ್ಲ. ಮೊದಲನೆಯದರಿಂದ ಹಸಿವು ಕುಗ್ಗಬಹುದು, ಹೊಟ್ಟೆ ತೊಳಸಬಹುದು. ಅಪೂರ್ವವಾಗಿ ಯಕೃತ್ತಿಗೆ ಬಾಧೆಯೂ, ಕೆಲವು ಮಕ್ಕಳಲ್ಲಿ ಪ್ರಾಣವನ್ನು ಕಳೆದುಕೊಳ್ಳುವ ಯೋಚನೆಯೂ ಕಾಣಬಹುದಾದುದರಿಂದ ಮನೆಯವರು ಕಣ್ಣಿಟ್ಟಿರಬೇಕು. ಎರಡನೆಯವುಗಳಿಂದ ನಿದ್ದೆಮಂಪರು, ಥಟ್ಟನೆ ನಿಲ್ಲಿಸಿದರೆ ರಕ್ತದ ಒತ್ತಡವು ಏರುವುದು.

ಇನ್ನು ಪ್ರಶ್ನೆಗೆ ಬರೋಣ. ಜಡವಾದ ಮಾತ್ರೆಯು ಮನಸ್ಸನ್ನು ಮುಟ್ಟಬಹುದೇ ಎಂದು ಶಂಕಿಸುವವರು ಛಾಂದೋಗ್ಯದ ಶ್ವೇತಕೇತುವನ್ನು ನೆನೆಯಬೇಕು. ಮನಸ್ಸು ಅನ್ನಮಯವೆಂದು ಮಗನಿಗೆ ತೋರಿಸಲು ಉದ್ದಾಲಕನು ತರ್ಕವನ್ನು ಹೂಡಲಿಲ್ಲ; ಹದಿನೈದು ದಿನ ನೀರನ್ನು ಮಾತ್ರ ಕುಡಿದಿರೆಂದನು. ಹದಿನಾರನೆಯ ದಿನ ಹುಡುಗನಿಗೆ ಕಲಿತ ವೇದಗಳೊಂದೂ ತೋಚಲಿಲ್ಲ. ಉಂಡು ಬಂದಮೇಲೆ ಕೇಳಿದುದೆಲ್ಲಕ್ಕೂ ಉತ್ತರಕೊಟ್ಟನು. ಹಾಗೆಂದು ಆ ವಿದ್ಯೆಯು ಅನ್ನದ್ದೆಂದು ಯಾರಾದರೂ ಹೇಳುವರೇ? ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಕಲಿತವನು ಅವನೇ. ಅನ್ನವು ಸಹಜ, ಔಷಧವು ಕೃತಕ ಎಂಬ ಆಕ್ಷೇಪವೂ ಉಂಟು. ಜ್ವರಕ್ಕೆ ಕಷಾಯ ಕುಡಿಯುವಾಗ ಈ ಆಕ್ಷೇಪವು ನಮಗೆ ತೋಚುವುದಿಲ್ಲವಷ್ಟೆ. ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಐದು ಕಾರಣಗಳನ್ನು ಹೇಳುವಾಗ ಕರ್ತೃವನ್ನೂ ಕರಣವನ್ನೂ ಬೇರೆಬೇರೆಯಾಗಿ ಎಣಿಸಿದೆ. ಮಳೆಗಾಲದಲ್ಲಿ ಚಂಡೆಯ ಚರ್ಮವು ಸಡಿಲವಾದರೆ ಬೆಂಕಿಯ ಕಾವಿಗೆ ಹಿಡಿದು ಬಿಗಿಗೊಳಿಸುವರು, ಬಾರಿಸುವವನು ಬೆಂಕಿಯಲ್ಲ.

ಆದರೆ ಒಂದು ಮಾತು. ಪಾಠವು ನೀರಸವಾಗಿದ್ದು ಮಗುವು ಕಿಟಕಿಯ ಹೊರಗೆ ನೋಡಿದರೆ ಅದು ರೋಗವಲ್ಲ. ತರಗತಿಯ ನಿಶ್ಶಬ್ದಕ್ಕೋಸ್ಕರ ಮಗುವಿಗೆ ಮಾತ್ರೆ ಕೊಡಿಸುವುದು ಬೆತ್ತದ ಇನ್ನೊಂದು ರೂಪವೇ ಸರಿ. ಬಲ್ಲ ವೈದ್ಯನು ಮನೆ, ಶಾಲೆ ಎರಡೂ ಕಡೆಯ ವೃತ್ತಾಂತವನ್ನು ಕೇಳಿಯೇ ನಿರ್ಣಯಿಸುವನು.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸನ್ನು ಕೊರೆಯುವುದು ಬೇರೆ. ಆ ದಿನ ಪ್ರಶ್ನೆ ಕೇಳಿದ ತಂದೆಯು ಎದ್ದುಹೋಗುವಾಗ ನಗುತ್ತ, "ನಾನೂ ಹೀಗೇ ಇದ್ದೆನಲ್ಲ, ಮೇಷ್ಟ್ರೇ" ಎಂದನು. ಹೌದು, ಹಾಗೆಯೇ ಇದ್ದನು. ಲಾಂಚು ತಪ್ಪಿತೆಂದು ತಡವಾಗಿ ಬಂದಾಗ ನಾನು ನಂಬಲಿಲ್ಲ. ಪುಸ್ತಕವನ್ನು ಮರೆತಾಗ ಸೋಮಾರಿಯೆಂದೆನು. ಎಷ್ಟೋ ದಿನ ಜಗಲಿಯಲ್ಲಿ ನಿಲ್ಲಿಸಿ ಎರಚಲಿನಲ್ಲಿ ನೆನೆಯಿಸಿದೆನು. ಕರಣದ ದೋಷಕ್ಕೆ ಕರ್ತೃವನ್ನು ದಂಡಿಸಿದೆನೆಂದು ಈಗ ಸಂಸ್ಕೃತದಲ್ಲಿ ಹೇಳಬಲ್ಲೆನು. ಆಗ ಅವನ ಮುಖವನ್ನು ಸರಿಯಾಗಿ ನೋಡಿದ್ದರೂ ಸಾಕಾಗಿತ್ತು. ಇದನ್ನು ಅವನಿಗೆ ಹೇಳಿದೆನು. ಅವನು, "ಬಿಡಿ ಮೇಷ್ಟ್ರೇ, ಆಗ ಯಾರಿಗೆ ಗೊತ್ತಿತ್ತು" ಎಂದನು.

ಮೊನ್ನೆ ದೂರವಾಣಿಯಲ್ಲಿ ಮಾತನಾಡಿದನು. ಹುಡುಗನು ಶಾಲೆಯಲ್ಲಿ ಕೊಡೆಯನ್ನು ಮರೆತುಬರುವುದು ಇನ್ನೂ ನಿಂತಿಲ್ಲವಂತೆ. ಆದರೆ ಈಗ ಅರ್ಧದಾರಿಯಲ್ಲಿ ನೆನಪಾಗಿ ಹಿಂದಿರುಗಿ ಹೋಗಿ ತರುತ್ತಾನಂತೆ.