ಕುರಿಂಜಿಯ ಜಾತಿ

ಬಾಬಾಬುಡನ್‌ಗಿರಿಯಿಂದ ನೀಲಗಿರಿ ಮುನ್ನಾರುಗಳವರೆಗೆ ಶೋಲೆಗಳಂಚಿನ ಹುಲ್ಲುಗಾವಲುಗಳಲ್ಲಿ ಗಿಡ್ಡ ಪೊದೆಯಾಗಿ ಬೆಳೆಯುವ ನೀಲಕುರಿಂಜಿಯು, 12 ವರ್ಷಗಳ ಕಾಲ ಹೂವಿನ ಸುಳಿವನ್ನೇ ಕೊಡದಿದ್ದು, ಬಳಿಕ ಬೆಟ್ಟಕ್ಕೆ ಬೆಟ್ಟವೇ ನೀಲವಾಗುವಂತೆ ಅರಳಿ, ಬೀಜಕಟ್ಟಿ, ಒಣಗಿಹೋಗುತ್ತದೆ. ಮುನ್ನಾರಿನಲ್ಲಿ 2006ರಲ್ಲಿ ಅರಳಿದುದರ ಸಂತತಿಯೇ 2018ರಲ್ಲಿ ಅರಳಿತು. ತಾಯ್ಗಿಡಗಳೆಲ್ಲ ಅಳಿದು ಬೀಜವಿನ್ನೂ ಮೊಳೆಯದಿರುವ ಆ ನಡುಗಾಲದಲ್ಲಿ ಕುರಿಂಜಿತ್ವವೆಂಬುದು ಎಲ್ಲಿರುತ್ತದೆ?

ವ್ಯಕ್ತಿಗಳು ನಶಿಸಿದರೂ ಅವುಗಳಲ್ಲಿ ಸಮವೇತವಾದ, ಎಂದರೆ ಬೇರ್ಪಡಿಸಲಾಗದಂತೆ ನೆಲೆಸಿದ, ಜಾತಿಯು (ಸಾಮಾನ್ಯವು) ನಶಿಸದು, ಅದು ನಿತ್ಯವೂ ಏಕವೂ ಆದ ಪದಾರ್ಥವೆಂಬುದು ವೈಶೇಷಿಕರ ಸಿದ್ಧಾಂತ. ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ಇದನ್ನೊಪ್ಪನು: ಹೊಸ ವ್ಯಕ್ತಿ ಹುಟ್ಟಿದೆಡೆಗೆ ಜಾತಿಯು ನಡೆದುಬಾರದು, ಮೊದಲೇ ಅಲ್ಲಿ ಇದ್ದುದೂ ಅಲ್ಲ, ಆದುದರಿಂದ ಜಾತಿಯೆಂಬುದು ಇತರಗಳಿಂದ ಬೇರ್ಪಡಿಸುವ ಬುದ್ಧಿವ್ಯಾಪಾರವಷ್ಟೆ.

ಸಸ್ಯಶಾಸ್ತ್ರದ ಇತಿಹಾಸವನ್ನು ನೋಡಿದರೆ ಬೌದ್ಧನೇ ಗೆದ್ದನೆನಿಸುತ್ತದೆ. ಆಡುಸೋಗೆ, ಕನಕಾಂಬರ, ನೆಲಬೇವುಗಳಿರುವ ಅಕಾಂಥೇಸಿ ಕುಟುಂಬದಲ್ಲಿ ಕುರಿಂಜಿಯ ಸ್ಥಾನವು ಸ್ಥಿರವಾಗಿದ್ದರೂ, ಜರ್ಮನಿಯ ಸಸ್ಯಶಾಸ್ತ್ರಜ್ಞ ನೀಸ್ ಅದನ್ನು ಫ್ಲೆಬೋಫಿಲ್ಲಮ್ ಎಂಬ ಕುಲದಲ್ಲಿರಿಸಿದರು. ಆಂಡರ್ಸನ್ ಸ್ಟ್ರೋಬಿಲಾಂಥಿಸ್ ಕುಲಕ್ಕೆ ತಂದರು. 1944ರಲ್ಲಿ ಬ್ರೆಮೆಕಾಂಪ್ ಆ ಮಹಾಕುಲವನ್ನೇ, ವಿಶೇಷವಾಗಿ ಪರಾಗದ ರಚನಾಭೇದಗಳನ್ನು ಗಮನಿಸಿ, ಅನೇಕ ಸಣ್ಣ ಕುಲಗಳಾಗಿ ಒಡೆದರು. ಈಚಿನವರು ಅವೆಲ್ಲವನ್ನೂ ಮರಳಿ ಒಂದಾಗಿಸಿದ್ದಾರೆ. ಬೆಟ್ಟದ ಮೇಲಿನ ಗಿಡವು ಇದರಿಂದ ಎಲೆಯಷ್ಟೂ ಬದಲಾಗಲಿಲ್ಲ. ಕುಲದ ಎಲ್ಲೆಯನ್ನು ಎಳೆದವರು ನಾವೇ ಎಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಪ್ರಭೇದದ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಇದೇ ಕುಲದಲ್ಲಿ ವರ್ಷವರ್ಷವೂ ಹೂಬಿಡುವ ಗಿಡಗಳಿವೆ. ದೀರ್ಘಾವಧಿಯವುಗಳಲ್ಲಿಯೂ ಅವಧಿಗಳು ಬೇರೆಬೇರೆ. ಅವುಗಳ ನಡುವೆ 12 ವರ್ಷಗಳ ಎಣಿಕೆಯನ್ನು ತಪ್ಪದೆ ಕಾಯುವ ಕುರಿಂಜಿಯು, ತನ್ನವರು ಅರಳಿದಾಗಲೇ ತಾನೂ ಅರಳಿ, ಪರಾಗವನ್ನು ತನ್ನವರೊಡನೆಯೇ ವಿನಿಮಯಮಾಡಿಕೊಳ್ಳುತ್ತದೆ. ಇಲ್ಲಿ ಇತರಗಳಿಂದ ಬೇರ್ಪಡಿಸಿಕೊಳ್ಳುವುದು ನಮ್ಮ ಬುದ್ಧಿಯಲ್ಲ, ಗಿಡವೇ. ಅಮೃತಬಳ್ಳಿ ಮೊದಲಾದ ಭಿನ್ನ ಮೂಲಿಕೆಗಳು, ತಮ್ಮಲ್ಲಿ ಒಂದು ಸಾಮಾನ್ಯವಿಲ್ಲದೆಯೂ, ಒಂದೇ ಜ್ವರವನ್ನು ಶಮನಗೊಳಿಸುತ್ತವೆಂದು ಧರ್ಮಕೀರ್ತಿಯು ಕೊಡುವ ದೃಷ್ಟಾಂತವು ಸೂಕ್ಷ್ಮವಾದುದು. ಆದರೆ ಆ ಮೂಲಿಕೆಗಳು ಒಂದರಿಂದೊಂದು ಹುಟ್ಟಿದವಲ್ಲ. ಕುರಿಂಜಿಯು ಕುರಿಂಜಿಯಿಂದಲೇ ಹುಟ್ಟುತ್ತದೆ, ಕಾಲದ ಎಣಿಕೆಯನ್ನೂ ತಾಯಿಯಿಂದಲೇ ಪಡೆಯುತ್ತದೆ. ನಿತ್ಯವಾದ ಪದಾರ್ಥವನ್ನು ಕಲ್ಪಿಸದೆಯೂ, ಬರಿಯ ಹೆಸರೆಂದು ತಳ್ಳಿಹಾಕದೆಯೂ, ಜಾತಿಯನ್ನು ಈ ಬೀಜಪರಂಪರೆಯಲ್ಲಿಯೇ ಕಾಣಬಹುದೆಂದು ನನಗೆ ತೋರುತ್ತದೆ. ಪರಂಪರೆಯಾದುದರಿಂದ ಅದಕ್ಕೆ ನಾಶವೂ ಉಂಟು, ತೋಟಕ್ಕೆಂದೋ ನೀಲಗಿರಿ ಮರದ ನೆಡುತೋಪಿಗೆಂದೋ ಒಂದು ಇಳಿಜಾರನ್ನು ಅಗೆದಲ್ಲಿ ಅಲ್ಲಿಯ ಎಣಿಕೆಯು ನಿಂತೇಹೋಗುತ್ತದೆ.