ಆ ಮಾತು ಹೇಳಿದ್ದು ಯಾರು? (ಲೂಕ 15:11–32)

ಎಲ್ಲರೂ ಬೈಬಲ್ ತೆಗೀರಿ, ಫೋನಲ್ಲಿದ್ರೂ ಪರವಾಗಿಲ್ಲ. ಲೂಕ 15ನೇ ಅಧ್ಯಾಯ, ತಪ್ಪಿಹೋದ ಮಗನ ಸಾಮ್ಯ. ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೀವಿ. ಅದಕ್ಕೇ ಇದನ್ನ ನಿಧಾನವಾಗಿ ಓದೋದು ಕಷ್ಟ.

ಒಂದು ಪ್ರಶ್ನೆ ಕೇಳ್ತೀನಿ. ಕಿರಿಯ ಮಗ ದೂರದೇಶದಲ್ಲಿ ದುಡ್ಡು ಹೇಗೆ ಕಳೆದ? ಯೂತ್ ಮೀಟಿಂಗಲ್ಲಿ ಇದನ್ನೇ ಕೇಳಿದಾಗ ತಕ್ಷಣ ಬಂದ ಉತ್ತರ, 'ವೇಶ್ಯೆಯರ ಜೊತೆ, ಪಾಸ್ಟರ್.' ಸರಿ, ಯಾವ ವಚನ? 30ನೇ ವಚನ. ಅಲ್ಲಿ ಮಾತಾಡ್ತಿರೋದು ಯಾರು? ಅಣ್ಣ.

ಈಗ 13ನೇ ವಚನಕ್ಕೆ ಬನ್ನಿ. ಅಲ್ಲಿ ಕಥೆ ಹೇಳ್ತಿರೋದು ಸ್ವತಃ ಯೇಸುಸ್ವಾಮಿ. ನಿಮ್ಮ ಕೈಲಿರೋ ಅನುವಾದದಲ್ಲಿ ಯಾವ ಪದವೇ ಇರಲಿ, ಗ್ರೀಕಿನಲ್ಲಿರೋದು 'ಅಸೋತೋಸ್'. ಹಿಂದುಮುಂದು ನೋಡದೆ, ಅಂಕೆಯಿಲ್ಲದೆ ಬದುಕೋದು ಅಂತ ಅರ್ಥ. ಆ ಪದದೊಳಗೆ ಕೆಟ್ಟ ಸಹವಾಸವೂ ಇರಬಹುದು, ಬರೀ ದುಂದುವೆಚ್ಚವೂ ಇರಬಹುದು. ಯೇಸು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಿದ್ದು ಅಣ್ಣ.

ಅಣ್ಣನಿಗೆ ಹೇಗೆ ಗೊತ್ತಾಯ್ತು? ಅವನು ಹೊಲದಿಂದ ಬರ್ತಿದ್ದಾನೆ. ಆಳೊಬ್ಬನನ್ನ ಕರೆದು ಏನು ಗದ್ದಲ ಅಂತ ಕೇಳ್ತಾನೆ. ಆಳು ಹೇಳಿದ್ದು ಇಷ್ಟೇ: ನಿನ್ನ ತಮ್ಮ ಬಂದಿದ್ದಾನೆ, ಸುರಕ್ಷಿತವಾಗಿ ಸಿಕ್ಕಿದ್ದಕ್ಕೆ ತಂದೆ ಕೊಬ್ಬಿದ ಕರು ಕೊಯ್ಸಿದ್ದಾರೆ. ವೇಶ್ಯೆಯರ ಸುದ್ದಿ ಅದರಲ್ಲಿಲ್ಲ. ತಮ್ಮನನ್ನ ಇವನು ಇನ್ನೂ ಕಣ್ಣಲ್ಲಿ ನೋಡಿಯೂ ಇಲ್ಲ. 'ಮೊದಲೇ ಯಾರೋ ಸುದ್ದಿ ತಂದಿರಬಹುದಲ್ವಾ?' ಅಂತ ನೀವು ಕೇಳಬಹುದು. ತಂದಿರಬಹುದು. ಆದರೆ ಸಾಮ್ಯದೊಳಗೆ ಆ ಮಾತಿಗೆ ಬೇರೆ ಸಾಕ್ಷಿ ಇಲ್ಲ.

ನಿಜವಾದ ಕಷ್ಟದ ಪ್ರಶ್ನೆ ಇದಲ್ಲ. ಅಣ್ಣ ಹೇಳಿದ್ದು ನಿಜಾನೇ ಆಗಿದ್ರೆ? ಆಗ ಅವನು ಮಾಡಿದ್ದು ತಪ್ಪಾ? ಸತ್ಯ ಹೇಳೋದು ಯಾವಾಗಿಂದ ತಪ್ಪಾಯ್ತು?

ತಂದೆಯ ಉತ್ತರ ಗಮನಿಸಿ. ಆತ 'ಸುಳ್ಳು ಹೇಳಬೇಡ' ಅನ್ನಲಿಲ್ಲ. 'ಹೌದು, ಅದೂ ನಿಜ' ಅಂತಲೂ ಅನ್ನಲಿಲ್ಲ. ಆ ವಿಷಯಕ್ಕೇ ಹೋಗಲಿಲ್ಲ. ಆತ ತಿದ್ದಿದ್ದು ಒಂದೇ ಒಂದು ಪದ. ಆಳು ಹೇಳಿದ್ದು 'ನಿನ್ನ ತಮ್ಮ'. ಅಣ್ಣ ತಂದೆಗೆ ಹೇಳೋದು 'ಈ ನಿನ್ನ ಮಗ'. ತಂದೆ ತಿರುಗಿ ಹೇಳೋದು 'ಈ ನಿನ್ನ ತಮ್ಮ'. ಗ್ರೀಕಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ. ನಮ್ಮ ಕನ್ನಡದ 'ತಮ್ಮ' ಅನ್ನೋದರಲ್ಲಿ ಸೊಂಟದ ಮೇಲೆ ಎತ್ತಿಕೊಂಡು ತಿರುಗಿದ ನೆನಪೂ ಇದೆ; ಈ ವಚನಕ್ಕೆ ನಮ್ಮ ಭಾಷೆಯೇ ಚೆನ್ನ ಅನ್ಸುತ್ತೆ ನನಗೆ. ಮನೆಯ ಆಳಿಗೆ ನೆನಪಿದ್ದ ಸಂಬಂಧ ಒಡಹುಟ್ಟಿದವನ ಬಾಯಲ್ಲಿ ಬರಲಿಲ್ಲ.

ಇನ್ನೊಂದು ನೋಡಿ. ಹಂದಿ ಮೇಯಿಸುತ್ತಿದ್ದವನು ಪ್ರತಿಸಲ 'ಅಪ್ಪಾ' ಅಂತಲೇ ಮಾತು ಶುರುಮಾಡ್ತಾನೆ. ಮನೆಯಲ್ಲೇ ಇದ್ದವನು ಒಂದು ಸಲವೂ ಅಪ್ಪಾ ಅನ್ನಲ್ಲ, ಇಷ್ಟು ವರ್ಷ ದಾಸನ ಹಾಗೆ ದುಡಿದೆ ಅಂತಾನೆ. ಆಡಿನ ಮರಿಯ ಲೆಕ್ಕ ಬೇರೆ! 12ನೇ ವಚನದ ಪ್ರಕಾರ ತಂದೆ ಆಸ್ತಿ ಹಂಚಿದ್ದು ಇಬ್ಬರಿಗೂ. ಧರ್ಮೋಪದೇಶಕಾಂಡ 21:17ರಂತೆ ಚೊಚ್ಚಲ ಮಗನಿಗೆ ಎರಡು ಪಾಲು. ಅಂದ್ರೆ ಅಲ್ಲಿರೋ ಆಡೆಲ್ಲ ಅವನದೇ.

ಹಾಗಾದ್ರೆ ಅವನ ತಪ್ಪು ಎಲ್ಲಿ? ನಾನು ಅರ್ಥಮಾಡಿಕೊಂಡಿದ್ದು ಇದು. ಅವನು ಮೊದಲು ಸಂಬಂಧ ಕಡಿದ, ಆಮೇಲೆ ಪಾಪದ ವಿವರ ಹೇಳಿದ. 'ನನ್ನ ತಮ್ಮ ಹೀಗಾಗಿಬಿಟ್ಟ' ಅಂತ ಹೇಳುವವನ ಗಂಟಲು ಕಟ್ಟುತ್ತೆ. 'ನಿನ್ನ ಮಗ ಹೀಗೆ' ಅನ್ನುವವನಿಗೆ ಹಾಗಾಗಲ್ಲ. ಮಾಹಿತಿ ಒಂದೇ ಇರಬಹುದು, ಹೇಳಿಕೆ ಒಂದೇ ಅಲ್ಲ.

ಇದನ್ನ ತಪ್ಪಾಗಿ ಬಳಸಬಾರದು, ಹಾಗಾಗಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. 'ತಂದೆಯೇ ಕೇಳಲಿಲ್ಲ, ನೀವ್ಯಾಕೆ ಕೇಳ್ತೀರಿ' ಅಂತ ಸಭೆಯಲ್ಲಿ ನಡೆದ ಅನ್ಯಾಯ ಮುಚ್ಚಿಡೋಕೆ ಈ ಸಾಮ್ಯ ಇಲ್ಲ. ಇಲ್ಲಿ ಮಗ ತಾನಾಗಿ ಬಂದು, ಪಾಪ ಮಾಡಿದ್ದೀನಿ ಅಂತ ಬಾಯಿಬಿಟ್ಟು ಹೇಳಿದ್ದಾನೆ. ಯಾರಾದ್ರೂ ಒಬ್ಬ ಹುಡುಗಿಗೋ ಮಗುವಿಗೋ ಹಾನಿ ಮಾಡಿದ್ರೆ ಅದನ್ನ ಹೇಳೋದು ಚಾಡಿ ಅಲ್ಲ. ಹೇಳಲೇಬೇಕು, ಪೊಲೀಸರಿಗೂ ಹೇಳಬೇಕು. ಇದೇ ಲೂಕ 17:3ರಲ್ಲಿ ತಪ್ಪುಮಾಡಿದ ಸಹೋದರನನ್ನ ಗದರಿಸಿ ಅಂತ ಯೇಸುವೇ ಹೇಳ್ತಾನೆ. ಅಲ್ಲೂ ಪದ 'ಸಹೋದರ', ಮತ್ತು ಮಾತು ಅವನಿಗೇ, ಅವನ ಮುಖಕ್ಕೇ.

ನಮ್ಮ ಕಷ್ಟ ಬೇರೆ ಥರದ್ದು. ಎರಡು ವರ್ಷ ಆರಾಧನೆಗೆ ಬರದ ಒಬ್ಬ ಸಹೋದರ ವಾಪಸ್ ಬಂದಾಗ ನನಗೆ ಬಂದ ಮೆಸೇಜುಗಳು: 'ಪಾಸ್ಟರ್, ಅವನು ಎಲ್ಲಿದ್ದ ಗೊತ್ತಾ? ಯಾರ ಜೊತೆ ಇದ್ದ ಗೊತ್ತಾ? ಪ್ರಾರ್ಥನೆಗಾಗಿ ಹೇಳ್ತಿದ್ದೀನಿ.' ಪ್ರಾರ್ಥನೆಗೆ ಅಷ್ಟೊಂದು ವಿವರ ಬೇಕಾ? ದೇವರಿಗೆ ಗೊತ್ತಿಲ್ಲದ್ದನ್ನ ತಿಳಿಸ್ತಿದ್ದೀವಾ? 'ಅವನು ಬಂದ, ಊಟಕ್ಕೆ ಕರೀಲಾ?' ಅಂತ ಕೇಳಿದವರು ಒಬ್ಬರೇ.

ಯೇಸು ಈ ಸಾಮ್ಯ ಹೇಳಿದ್ದು ಯಾರಿಗೆ ಅಂತ 2ನೇ ವಚನದಲ್ಲಿದೆ: ಈತ ಪಾಪಿಗಳ ಜೊತೆ ಕೂತು ಊಟ ಮಾಡ್ತಾನೆ ಅಂತ ಗೊಣಗಿದ ಫರಿಸಾಯರಿಗೆ, ಶಾಸ್ತ್ರಿಗಳಿಗೆ. ಆದರೂ ಕಥೆಯೊಳಗೆ ತಂದೆ ಆ ಅಣ್ಣನನ್ನ ಗದರಿಸಿ ಕಳಿಸಲ್ಲ. ಹಬ್ಬ ಬಿಟ್ಟು ಹೊರಗೆ ಬರ್ತಾನೆ, ಬೇಡಿಕೊಳ್ತಾನೆ, 'ಮಗುವೇ' ಅಂತ ಕರೀತಾನೆ.

ಎದ್ದು ನಿಲ್ಲೋಣ. ಈ ವಾಕ್ಯ ಕೇಳುವಾಗ ನಿಮಗೆ ಯಾರ ಹೆಸರು ನೆನಪಿಗೆ ಬಂತೋ, ಅವರ ವಿವರ ಏನೂ ಹೇಳದೆ, ಬರೀ ಆ ಹೆಸರನ್ನ ಕರ್ತನ ಮುಂದೆ ತನ್ನಿ. ಪ್ರಾರ್ಥಿಸೋಣ.